ಕಂಪ್ಯೂಟರಿನಲ್ಲಿ ಹೊಂಡ ಕಟ್ಟಿ ಕೋಡಿ ಹರಿಸಿ: ಮರಳಾಟ ಆಡುವ ಬಗೆ

ಮರಳು, ನೀರು, ಬೆಂಕಿ ಎಲ್ಲ ಪರದೆಯ ಮೇಲೆ ಕಾಳುಕಾಳಾಗಿ ಉದುರುವ ಕಂಪ್ಯೂಟರ್ ಆಟಗಳಿವೆ. ಇಂಥ ಮರಳಾಟವನ್ನು ಮೊದಲ ಸಲ ತೆರೆದ ಮಕ್ಕಳು ಮಾಡುವ ಕೆಲಸ ಒಂದೇ. ಪರದೆ ತುಂಬ ಮದ್ದು ಸುರಿದು ಬೆಂಕಿ ಇಡುತ್ತಾರೆ. ಎರಡು ನಿಮಿಷ ಖುಷಿ, ಆಮೇಲೆ ಬೇಜಾರು, ಬೇರೆ ಆಟ. ಚಿತ್ರದುರ್ಗದ ಬುರುಜನಹಟ್ಟಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನ ಹೇಳಿಕೊಡುವ ನಾನು ಇದನ್ನು ದಿನಾ ನೋಡುತ್ತೇನೆ. ಹಾಗಾಗಿ ನನ್ನ ಮೊದಲ ಮಾತು: ಮದ್ದು ಕೊನೆಗಿರಲಿ, ನೀರಿನಿಂದ ಶುರು ಮಾಡಿ. ಏನು ಕಟ್ಟೋದು ಅಂತ ಯೋಚಿಸಬೇಕಾಗಿಯೂ ಇಲ್ಲ. ಕೋಟೆಯ ಹೊಂಡಗಳಿವೆಯಲ್ಲ, ಅವನ್ನೇ ಕಟ್ಟಿ.

ಯಾವ ಆಟ ಅಂತ ಕೇಳಿದರೆ, ಮೊಬೈಲ್ ಮಾತ್ರ ಇರುವವರಿಗೆ ಸ್ಯಾಂಡ್‌ಸ್ಪೀಲ್ ಸಾಕು, ಬ್ರೌಸರಿನಲ್ಲೇ ಓಡುತ್ತದೆ. ನೋಯ್ಟಾ ಅಂತ 2020ರಲ್ಲಿ ಪೂರ್ಣ ರೂಪದಲ್ಲಿ ಬಂದ ಫಿನ್ಲೆಂಡಿನ ಆಟವಿದೆ. ಅದರಲ್ಲಿ ಇಡೀ ಗುಹಾಲೋಕದ ಒಂದೊಂದು ಪಿಕ್ಸೆಲ್ಲೂ (ಪರದೆಯ ಚುಕ್ಕೆಯೂ) ಹೀಗೇ ಉದುರುತ್ತದೆ, ಉರಿಯುತ್ತದೆ. ಆದರೆ ಅದಕ್ಕೆ ದುಡ್ಡು ಕೊಡಬೇಕು, ಅಲ್ಲದೆ ಅದು ಬದುಕುಳಿಯುವ ಆಟ, ಕಟ್ಟಿ ನೋಡುವುದಕ್ಕೆ ಅಲ್ಲ. ನಾನು ಮಕ್ಕಳಿಗೆ ಹಾಕಿಕೊಡುವುದು ದಿ ಪೌಡರ್ ಟಾಯ್. ಪುಕ್ಕಟೆ, ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ, ಹಳೇ ಲ್ಯಾಪ್‌ಟಾಪಿಗೂ ಭಾರವಲ್ಲ. ಮುಂದೆ ಹೇಳುವುದೆಲ್ಲ ಇದರದ್ದೇ.

ಆಡುವ ಮುಂಚೆ ಕಂಪ್ಯೂಟರ್ ಮುಚ್ಚಿಡಿ, ಚೆಸ್ ಹಾಸು ತನ್ನಿ, ಒಂದು ಹಿಡಿ ಹುಣಸೆ ಬೀಜ ತನ್ನಿ. ಹಾಸನ್ನು ಎದುರಿಗಿಟ್ಟು ಮೇಲಿನ ಸಾಲುಗಳಲ್ಲಿ ನಾಲ್ಕೈದು ಬೀಜ ಅಲ್ಲಲ್ಲಿ ಇಡಿ. ಪ್ರತಿ ಬೀಜಕ್ಕೂ ನಿಯಮ ಇಷ್ಟೇ: ಕೆಳಗಿನ ಮನೆ ಖಾಲಿ ಇದ್ದರೆ ಇಳಿ. ಇಲ್ಲದಿದ್ದರೆ ಕೆಳಗಿನ ಎಡ ಮೂಲೆಯೋ ಬಲ ಮೂಲೆಯೋ ಖಾಲಿ ಇದ್ದರೆ ಅಲ್ಲಿಗೆ ಜಾರು. ಅದೂ ಇಲ್ಲದಿದ್ದರೆ ಕೂತಿರು. ಇದು ಮರಳು. ಇದಕ್ಕೆ ‘ಎಲ್ಲೂ ಇಳಿಯಲಾಗದಿದ್ದರೆ ಪಕ್ಕದ ಖಾಲಿ ಮನೆಗೆ ಸರಿ’ ಅಂತ ಸೇರಿಸಿದರೆ ನೀರು. ಮರಳಿನ ಕೆಳಗೆ ನೀರಿದ್ದರೆ ಇಬ್ಬರೂ ಜಾಗ ಬದಲಾಯಿಸಿಕೊಳ್ಳಬೇಕು, ಭಾರ ಇರುವವರು ಕೆಳಗೆ. ಆಟದಲ್ಲಿ ಗಾಳಿ, ಶಾಖ, ಒತ್ತಡ ಎಲ್ಲ ಸೇರಿಕೊಂಡರೂ ಬುಡದಲ್ಲಿರುವುದು ಇದೇ.

ಕೈಯಲ್ಲಿ ಬೀಜ ಸರಿಸಿದವರಿಗೆ ಒಂದು ಸತ್ಯ ತಾನಾಗಿ ಹೊಳೆಯುತ್ತದೆ. ಯಾವ ಕಾಳಿಗೂ ಇಡೀ ಹಾಸು ಕಾಣುವುದಿಲ್ಲ, ತನ್ನ ಅಕ್ಕಪಕ್ಕದ ಮನೆ ಮಾತ್ರ ಗೊತ್ತು. ಇದನ್ನು ನೆನಪಿಟ್ಟುಕೊಳ್ಳಿ, ಹೊಂಡ ಕಟ್ಟುವಾಗ ಬೇಕಾಗುತ್ತದೆ.

ಈಗ ಕೋಟೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಸಂತೆಹೊಂಡ. ಬರದ ಸೀಮೆಯಲ್ಲಿ ಬಿದ್ದ ಮಳೆಯನ್ನು ಬಂಡೆಯಿಂದ ಬಂಡೆಗೆ ಇಳಿಸುತ್ತ ಊರಿನವರೆಗೂ ತಂದ ಏರ್ಪಾಡು ಇದು. ಇದನ್ನು ಯೋಚಿಸಿದವರ ಬಗ್ಗೆ ನನಗೆ ಅಪಾರ ಗೌರವ. ಆಟದಲ್ಲಿ ಮೂರು ಹೊಂಡ ಸಾಕು, ಎಡದ ಮೇಲಿನಿಂದ ಬಲದ ಕೆಳಕ್ಕೆ ಮೆಟ್ಟಿಲಿನ ಹಾಗೆ. ಆಟದ ಅಂಗಳ 612 ಪಿಕ್ಸೆಲ್ ಅಗಲ, 384 ಎತ್ತರ. ಒಂದೊಂದು ಹೊಂಡಕ್ಕೆ ನೂರು ಅಗಲ, ಅರವತ್ತು ಆಳ ಕೊಟ್ಟರೆ ಚೆನ್ನಾಗಿ ಕೂರುತ್ತದೆ.

ಮೊದಲು ಸ್ಪೇಸ್ ಒತ್ತಿ ಕಾಲ ನಿಲ್ಲಿಸಿ. ಕಟ್ಟುವಾಗ ಯಾವತ್ತೂ ಕಾಲ ನಿಂತಿರಬೇಕು. ಶಿಫ್ಟ್ ಹಿಡಿದು ಎಳೆದರೆ ನೇರ ಗೆರೆ, ಕಂಟ್ರೋಲ್ ಹಿಡಿದು ಎಳೆದರೆ ತುಂಬಿದ ಚೌಕ, ಮೌಸ್ ಚಕ್ರ ತಿರುಗಿಸಿದರೆ ಕುಂಚ ದಪ್ಪ-ಸಣ್ಣ, ಬಲಗುಂಡಿಯಲ್ಲಿ ಅಳಿಸಬಹುದು. ಗೋಡೆಗೆ ಸ್ಟೋನ್ ಆರಿಸಬೇಡಿ. ಹೆಸರು ಕಲ್ಲು ಅಂತಿದ್ದರೂ ಈ ಆಟದಲ್ಲಿ ಅದು ಪುಡಿ. ಕಾಲ ಬಿಟ್ಟ ತಕ್ಷಣ ನಿಮ್ಮ ಕೋಟೆ ಕುಸಿದು ಗುಡ್ಡೆಯಾಗುತ್ತದೆ. ಬ್ರಿಕ್ ತಗೊಳ್ಳಿ, ನಾಲ್ಕೈದು ಪಿಕ್ಸೆಲ್ ದಪ್ಪಕ್ಕೆ ಕಟ್ಟಿ.

ಇಡೀ ಕಟ್ಟಡದ ಜೀವ ಇರುವುದು ಕೋಡಿಯಲ್ಲಿ. ಪ್ರತಿ ಹೊಂಡದ ಬಲದ ಗೋಡೆ ಎಡದ್ದಕ್ಕಿಂತ ಹತ್ತು ಪಿಕ್ಸೆಲ್ ತಗ್ಗಿರಲಿ, ಅದರ ತುದಿಯಿಂದ ಮುಂದಿನ ಹೊಂಡದ ಬಾಯಿಯವರೆಗೆ ಇಳಿಜಾರಾಗಿ ಒಂದು ಕಾಲುವೆ ಎಳೆಯಿರಿ. ಕೋಡಿ ಎಷ್ಟೆತ್ತರವೋ ಹೊಂಡದಲ್ಲಿ ನಿಲ್ಲುವ ನೀರು ಅಷ್ಟೇ. ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ಜಿಲ್ಲೆಯೆಲ್ಲ ಹಿರಿಯೂರಿನ ಕಡೆ ಹೊರಟಿತ್ತು, ಹಾಗಾಗಿ ನಮ್ಮ ಮಕ್ಕಳಿಗೆ ಕೋಡಿ ಅಂದರೆ ಏನು ಅಂತ ವಿವರಿಸಬೇಕಿಲ್ಲ.

ಮಳೆಗೆ ಕ್ಲೋನ್ ಬಳಸಿ. ಅದು ತನಗೆ ಮೊದಲು ತಾಗಿದ ವಸ್ತುವನ್ನು ಬಿಡದೆ ಹುಟ್ಟಿಸುತ್ತಲೇ ಇರುತ್ತದೆ. ಮೇಲಿನ ಹೊಂಡದ ಮೇಲೆ ಆಕಾಶದಲ್ಲಿ ಒಂದೊಂದೇ ಪಿಕ್ಸೆಲ್ಲಿನ ಕ್ಲೋನ್ ಚುಕ್ಕೆ ದೂರ ದೂರ ಇಟ್ಟು, ಅವುಗಳ ಮೇಲೆ ನೀರಿನ ಕುಂಚ ಒಮ್ಮೆ ಆಡಿಸಿ. ಈಗ ಸ್ಪೇಸ್ ಒತ್ತಿ. ತುಂಬುವುದನ್ನು ಪೂರ್ತಿ ಕಾದು ನೋಡಿ. ಕೋಡಿಯ ಹತ್ತಿರ ಬಂದಾಗ ಮತ್ತೆ ನಿಲ್ಲಿಸಿ, ಎಫ್ ಒತ್ತುತ್ತ ಒಂದೊಂದೇ ಹೆಜ್ಜೆ ಮುಂದಿಡಿ. ನೀರಿನ ಮೊದಲ ಕಾಳು ಅಂಚಿನ ಮೇಲೆ ಬಂದು, ಪಕ್ಕದ ಮನೆ ಖಾಲಿ ಕಂಡು, ಸರಿದು, ಕೆಳಗೆ ಖಾಲಿ ಕಂಡು ಬೀಳುತ್ತದೆ. ಹುಣಸೆ ಬೀಜದಲ್ಲಿ ಮಾಡಿದ್ದೇ ಇಲ್ಲಿ ಕಣ್ಣೆದುರು ನಡೆಯುತ್ತದೆ. ಇಷ್ಟಕ್ಕೋಸ್ಕರವೇ ನಾನು ಈ ಆಟ ಆಡಿಸುವುದು.

ಮುಂದೆ ಎರಡು ಪರೀಕ್ಷೆ ಮಾಡಿ. ಒಂದು, ಮೇಲಿನ ಹೊಂಡಕ್ಕೆ ಮಳೆಯ ಜೊತೆ ಸ್ವಲ್ಪ ಮರಳು ಸುರಿಯಿರಿ. ಮರಳು ತಳಕ್ಕೆ ಇಳಿಯುತ್ತದೆ, ಕೋಡಿಯಲ್ಲಿ ಹೋಗುವುದು ಬಹುಪಾಲು ಬರೀ ನೀರು. ಹೊಂಡದ ಆಳವನ್ನು ಹದಿನೈದು ಪಿಕ್ಸೆಲ್ಲಿಗೆ ಇಳಿಸಿ ಮತ್ತೆ ನೋಡಿ. ಹೂಳು ಬೇಗನೆ ಕೋಡಿ ಮಟ್ಟಕ್ಕೆ ಬರುತ್ತದೆ, ಆಮೇಲೆ ಬಿದ್ದ ಮರಳೆಲ್ಲ ಕೆಳಗಿನ ಹೊಂಡದ ಪಾಲು. ಕೆರೆಯ ಹೂಳೆತ್ತಬೇಕು ಅಂತ ಊರಲ್ಲಿ ಯಾಕೆ ಕೂಗುತ್ತಾರೆ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಇನ್ನೊಂದು, ಎರಡು ಹೊಂಡಗಳನ್ನು ಒಂದೇ ಮಟ್ಟದಲ್ಲಿ ಕಟ್ಟಿ, ತಳದಲ್ಲಿ ಕೊಳವೆ ಜೋಡಿಸಿ, ಒಂದಕ್ಕೆ ಮಾತ್ರ ನೀರು ಬಿಡಿ. ಪುಸ್ತಕದ ಪ್ರಕಾರ ಎರಡರಲ್ಲೂ ಮಟ್ಟ ಸಮವಾಗಬೇಕು. ಆಟದಲ್ಲಿ ಆಗುವುದಿಲ್ಲ. ಮೇಲೆ ಎಷ್ಟು ನೀರು ಕೂತಿದೆ ಅಂತ ತಳದ ಕಾಳಿಗೆ ಗೊತ್ತಿಲ್ಲ, ಪಕ್ಕದ ಮನೆ ಮಾತ್ರ ಗೊತ್ತು, ಅದಕ್ಕೆ ಅದು ಇನ್ನೊಂದು ಕಡೆ ಮೇಲೇರುವುದಿಲ್ಲ. ಸಿಮ್ಯುಲೇಶನ್ ಆಯ್ಕೆಗಳಲ್ಲಿ ವಾಟರ್ ಈಕ್ವಲೈಸೇಶನ್ ಅಂತಿದೆ, ಅದನ್ನು ಹಾಕಿದರೆ ಸಮ ಮಾಡುವ ಲೆಕ್ಕ ಬೇರೆಯಾಗಿ ನಡೆಯುತ್ತದೆ, ಕಂಪ್ಯೂಟರಿಗೆ ಹೊರೆಯೂ ಹೆಚ್ಚುತ್ತದೆ. ಆಟ ಎಲ್ಲಿ ನಿಜದಿಂದ ಬೇರೆಯಾಗುತ್ತದೆ ಅಂತ ಹುಡುಕುವುದನ್ನು ಮಕ್ಕಳಿಗೆ ಕಲಿಸಿ, ಇದು ನನ್ನ ಕಳಕಳಿಯ ವಿನಂತಿ. ಅಂಥದ್ದೇ ಇನ್ನೊಂದು: ಹುಣಸೆ ಬೀಜದ ನಿಯಮದಲ್ಲಿ ಮರಳಿನ ಗುಡ್ಡೆ 45 ಡಿಗ್ರಿಗೆ ನಿಲ್ಲುತ್ತದೆ. ನಿಜವಾದ ಒಣ ಮರಳು ಪೇಪರಿನ ಮೇಲೆ ಸುರಿದು ಕೋನಮಾಪಕ ಹಿಡಿದರೆ ಸುಮಾರು 34 ಸಿಗುತ್ತದೆ.

ಕೋಟೆಯಲ್ಲಿ ಎಣ್ಣೆಕೊಳ ಇದೆ, ಮದ್ದು ಬೀಸುವ ಕಲ್ಲುಗಳಿವೆ, ಆದ್ದರಿಂದ ಇವೂ ಆಗಲಿ. ಎಣ್ಣೆಯನ್ನು ನೀರಿಗೆ ಸುರಿದರೆ ತೇಲುತ್ತದೆ. ಮದ್ದು ಹಚ್ಚುವ ಮೊದಲು ಎಸ್ ಒತ್ತಿ ಕಟ್ಟಿದ ಜಾಗವನ್ನೆಲ್ಲ ಆಯ್ದು ಸ್ಟ್ಯಾಂಪ್ ತೆಗೆದಿಡಿ, ಕೆ ಒತ್ತಿದರೆ ಅದು ಮತ್ತೆ ಸಿಗುತ್ತದೆ. ಆಮೇಲೆ ಮೇಲಿನ ಹೊಂಡದ ಗೋಡೆಗೆ ಗನ್‌ಪೌಡರ್ ಒತ್ತಿ ಬೆಂಕಿ ತಾಗಿಸಿ, 2 ಒತ್ತಿ ಒತ್ತಡದ ನೋಟದಲ್ಲಿ ನೋಡಿ. ಬ್ರಿಕ್ ಒಡೆಯುವುದು ಬೆಂಕಿಯಿಂದಲ್ಲ, ಒತ್ತಡದಿಂದ. ಒಡೆದ ಬ್ರಿಕ್ ಸ್ಟೋನ್ ಪುಡಿಯಾಗಿ ಉದುರುತ್ತದೆ, ಹಿಂದೆಯೇ ನೀರು ಬರುತ್ತದೆ.

ಇಷ್ಟಾದ ಮೇಲೆ ನಿಮ್ಮದೇ ಆಟ ಬರೆಯುವ ಆಸೆ ಹುಟ್ಟಿದರೆ ಎರಡು ಎಚ್ಚರಿಕೆ ಇರಲಿ. ಮನೆಗಳನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಎಣಿಸಿಕೊಂಡು ಹೋಗಿ. ಮೇಲಿನಿಂದ ಶುರು ಮಾಡಿದರೆ ಈಗ ತಾನೇ ಇಳಿದ ಕಾಳನ್ನೇ ಮುಂದಿನ ಸಾಲಿನಲ್ಲಿ ಮತ್ತೆ ಇಳಿಸುತ್ತೀರಿ, ಅದು ಒಂದೇ ಹೆಜ್ಜೆಗೆ ನೆಲ ಮುಟ್ಟುತ್ತದೆ. ಹಾಗೆಯೇ ಯಾವಾಗಲೂ ಎಡ ಮೂಲೆಯನ್ನೇ ಮೊದಲು ನೋಡಬೇಡಿ, ಗುಡ್ಡೆ ಎಡಕ್ಕೆ ವಾಲುತ್ತದೆ. ಒಂದು ಸಲ ಎಡ, ಒಂದು ಸಲ ಬಲ ಮಾಡಿ. ಚೆಸ್ ಹಾಸಿನ ಮೇಲೆ ಎರಡನ್ನೂ ತಪ್ಪಾಗಿ ಆಡಿ ನೋಡಿದ ಮಕ್ಕಳು ಪ್ರೋಗ್ರಾಮ್ ಬರೆಯುವಾಗ ಆ ತಪ್ಪುಗಳನ್ನು ಬೇಗ ಹಿಡಿಯುತ್ತಾರೆ.