ಅಜ್ಜಿಯ ಸೀರೆಗಳಿಂದ ಕೌದಿ ಹೊಲಿಯುವುದು ಹೇಗೆ

ಅಜ್ಜಿ ಹೋದ ಮೇಲೆ ಸೀರೆಗಳನ್ನು ಟ್ರಂಕಿನಲ್ಲಿ ಸುಮ್ನೆ ಇಟ್ಟರೆ ನುಸಿ ಹಿಡಿಯುತ್ತದೆ. ನಮ್ಮ ಬಾಗಲಕೋಟೆ ಕಡೆ ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿದ ಹೊದಿಕೆ, ಹೊಲಿಯುತ್ತೇವೆ.

ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನೇ ಆರಿಸಿ, ಒಗೆದು ಬಿಸಿಲಿಗೆ ಹಾಕಿ. ಅಜ್ಜಿಯ ಇಳಕಲ್ ಸೀರೆಗಳ ಒಡಲು ಹತ್ತಿ, ಸೆರಗು ರೇಷ್ಮೆ. ಸೆರಗನ್ನು ಕತ್ತರಿಸಿ ಬೇರೆ ಇಟ್ಟೆ.

ಒಂದು ಸೀರೆ ಮಡಚಿ ನೆಲಕ್ಕೆ ಹಾಸಿ. ಅದರ ಮೇಲೆ ಹರಿದ ತುಂಡುಗಳನ್ನು ಮೂರ್ನಾಲ್ಕು ಪದರ ಹರಡಿ. ಜಾಸ್ತಿ ಆದರೆ ಸೂಜಿ ಇಳಿಯುವುದಿಲ್ಲ. ಮೇಲೆ ಇನ್ನೊಂದು ಸೀರೆ ಹೊದಿಸಿ. ದಪ್ಪ ದಾರದಲ್ಲಿ ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬನ್ನಿ. ಸಾಲುಗಳ ನಡುವೆ ಒಂದು ಬೆರಳಿನ ಅಗಲ ಸಾಕು.

ಒಬ್ಬರೇ ಹೊಲಿಯಬೇಡಿ. ನನ್ನ ಜೊತೆ ಅವ್ವ, ಚಿಗವ್ವ ಕೂತರು. ಎರಡು ತಿಂಗಳು ಹಿಡಿಯಿತು. ಹಸಿರು ಸೀರೆಯಲ್ಲಿ ಕಡಲೆಕಾಳಿನಷ್ಟು ಸುಟ್ಟ ತೂತಿತ್ತು. ನಸುಕಿನಲ್ಲೇ ಎದ್ದು ಹನ್ನೊಂದು ಜನಕ್ಕೆ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಕಿಡಿ ಹಾರಿದ್ದು ಅಂತ ಅವ್ವ ಹೇಳಿದಳು. ಅಷ್ಟೂ ಜನ ಉಂಡ ಮೇಲೇ ಅಜ್ಜಿ ತಾಟು ಹಾಕಿಕೊಳ್ಳುತ್ತಿದ್ದಳಂತೆ. ಆ ತೂತಿಗೆ ತೇಪೆ ಹಚ್ಚಲಿಲ್ಲ. ಸುತ್ತ ಕೆಂಪು ದಾರ ಹಾಕಿದೆ. ಇಂಥ ಗುರುತು ಸಿಕ್ಕರೆ ಮೇಲ್ಮುಖಕ್ಕೇ ಬರುವಂತೆ ಹಾಸಿ.

ಉಳಿದ ಸೆರಗಿನಲ್ಲಿ ತಂಗಿಯ ಕೂಸಿಗೆ ಕುಲಾವಿ ಆಯಿತು.