ಇಸವಿ ಕೇಳಬ್ಯಾಡ್ರಿ, ರಾಗ ಕೇಳಸ್ರಿ

ಕಲಬುರಗಿಯ ನಮ್ಮ ಮನೆ ಮಾಳಿಗೆಯ ಮೇಲೆ ತಿಂಗಳಿಗೊಮ್ಮೆ ಹನ್ನೆರಡು ಹದಿಮೂರು ಜನ ಸೇರುತ್ತೇವೆ. ಎರಡನೇ ಭಾನುವಾರ, ಸಂಜೆ ಆರಕ್ಕೆ. ಬೇಸಿಗೆಯಲ್ಲಿ ಮಾತ್ರ ಏಳೂವರೆಗೆ. ಅದಕ್ಕೂ ಮೊದಲು ಶಹಾಬಾದ್ ಫರಸಿಯ ಮೇಲೆ ಚಾಪೆ ಹಾಸಿದರೂ ಕೂರಲು ಆಗುವುದಿಲ್ಲ. ಬರುವವರಲ್ಲಿ ಹಾರ್ಮೋನಿಯಂ ಮಾಸ್ತರು ಇದ್ದಾರೆ, ತಬಲಾ ಕಲಿಸುವವರಿದ್ದಾರೆ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಕಾಕಾ, ದರ್ಗಾ ಕಡೆಯಿಂದ ಬರುವ ಚಾಚಾ, ಬ್ಯಾಂಕಿನ ಇಬ್ಬರು ಗೆಳತಿಯರು, ಮೈಸೂರಿನಿಂದ ಈ ಊರಿಗೆ ಸೊಸೆಯಾಗಿ ಬಂದ ಒಬ್ಬ ಹುಡುಗಿ. ಎಲ್ಲರಿಗೂ ಹಿಂದೂಸ್ತಾನಿ ಸಂಗೀತದ ಹುಚ್ಚು. ನಾವು ಆಡುವುದು ರಸಪ್ರಶ್ನೆ. ಪ್ರಶ್ನೆ ಮಾಡುವ ಕೆಲಸ ನನ್ನದು.

ಮೊದಲ ಸಲ ನಾನು ಮಾಡಿದ್ದು ಶಾಲೆಯ ಪರೀಕ್ಷೆಯ ಹಾಗಿತ್ತು. ನಾನು ಟೀಚರ್, ಕೈ ಅದೇ ಜಾಡಿಗೆ ಬಿದ್ದಿತ್ತು. ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ ಇಸವಿ ಯಾವುದು? 1910. ಗಂಗೂಬಾಯಿ ಹಾನಗಲ್ಲರು? 1913. ಭೀಮಸೇನ ಜೋಶಿಯವರಿಗೆ ಭಾರತ ರತ್ನ ಘೋಷಣೆಯಾದದ್ದು? 2008. ಹೀಗೆ ಇಪ್ಪತ್ತೈದು ಪ್ರಶ್ನೆ. ಬ್ಯಾಂಕಿನ ಗೆಳತಿಯರು ಪಟಪಟ ಹೇಳಿದರು. ಉಳಿದವರು ಸುಮ್ನೆ ಕೂತರು. ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಮಾಸ್ತರು ಒಂದು ಮಾತೂ ಆಡಲಿಲ್ಲ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ಅಕ್ಕಾರ, ನಾ ಶಾಲಿಗಿ ಮೂರೇ ವರ್ಷ ಹೋದಾವ. ಇಸವಿ ಕೇಳಬ್ಯಾಡ್ರಿ, ರಾಗ ಕೇಳಸ್ರಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಗುಂಪಿನಲ್ಲಿ ಸಂಗೀತ ಹೆಚ್ಚು ಗೊತ್ತಿದ್ದವರೇ ಅವರು. ಅವರಿಗೆ ಒಂದೂ ಅಂಕ ಸಿಗದ ಆಟ ಕಟ್ಟಿದ್ದೆ ನಾನು.

ಎರಡನೇ ಸಲಕ್ಕೆ ಎಲ್ಲ ಪ್ರಶ್ನೆಯನ್ನೂ ಕಥೆಯ ರೂಪಕ್ಕೆ ತಂದೆ. ಒಂದನ್ನು ಇಲ್ಲಿ ಹೇಳುತ್ತೇನೆ. "ಕಿರಾನಾ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ತೀರಿಕೊಂಡದ್ದು ಯಾವಾಗ?" ಎಂದು ಕೇಳಿದರೆ ಉತ್ತರ 1937. ಅಲ್ಲಿಗೆ ಮುಗಿಯಿತು. ನಾನು ಹೀಗೆ ಕೇಳಿದೆ: ದೊಡ್ಡ ಗಾಯಕರೊಬ್ಬರು ಪಾಂಡಿಚೇರಿಗೆ ಹೊರಟಿದ್ದರು. ರೈಲಿನಲ್ಲಿ ಎದೆನೋವು ಬಂತು. ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೇ ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡಿ ಕಣ್ಣು ಮುಚ್ಚಿದರು ಎಂದು ಅವರ ಶಿಷ್ಯ ಪರಂಪರೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಯಾರವರು? ಮಾಸ್ತರು ನಾನು ಮುಗಿಸುವ ಮೊದಲೇ "ಖಾನ್ ಸಾಹೇಬರು" ಎಂದರು. ಗಾರ್ಡ್ ಕಾಕಾ ಅಷ್ಟಕ್ಕೇ ಬಿಡಲಿಲ್ಲ. "ಸ್ಟೇಷನ್ ಹೆಸರೂ ಹೇಳ್ತೀನಿ ತಡೀರಿ. ಸಿಂಗಪೆರುಮಾಳ್ ಕೋಯಿಲ್. ಆ ಲೈನಿಗಿ ನಾ ಎಂದೂ ಡ್ಯೂಟಿ ಮಾಡಿಲ್ಲ. ಆದ್ರ ಆ ಹೆಸರು ಮರಿಯಂಗಿಲ್ಲ." ಆಮೇಲೆ ಮಾಸ್ತರು ಎರಡು ನಿಮಿಷ ದರ್ಬಾರಿಯ ಆಂದೋಲಿತ ಗಂಧಾರ, ಅಂದರೆ ತೂಗಾಡುವ ಗ ಸ್ವರ, ಹಾಡಿ ತೋರಿಸಿದರು. ಅಂಕ ಬರೆಯುವುದು ನನಗೆ ಮರೆತೇ ಹೋಯಿತು.

ಈಗ ನಮ್ಮ ಆಟದ ಜೀವ ಅಂದರೆ ಕೇಳಿಸುವ ಸುತ್ತು. ಒಂದು ರೆಕಾರ್ಡಿಂಗ್‌ನ ಆಲಾಪ, ಅಂದರೆ ತಾಳವಿಲ್ಲದೆ ರಾಗ ಬಿಡಿಸುವ ಭಾಗ, ಎಂಟು ಸೆಕೆಂಡು ಕೇಳಿಸುತ್ತೇನೆ. ಅಷ್ಟರಲ್ಲೇ ರಾಗ ಹೇಳಿದರೆ ಐದು ಅಂಕ. ಇಲ್ಲದಿದ್ದರೆ ಇಪ್ಪತ್ತು ಸೆಕೆಂಡು, ಮೂರು ಅಂಕ. ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಹಾಡು, ಶುರುವಾದ ಮೇಲೆ ಹೇಳಿದರೆ ಒಂದೇ. ಉತ್ತರ ಹೇಳಿದವರು ಯಾಕೆ ಅಂತ ಗುನುಗಿ ತೋರಿಸಬೇಕು. ಈ ಕೊನೆಯ ನಿಯಮ ಬಹಳ ಮುಖ್ಯ. ಊಹೆ ಮಾಡಿ ಗೆಲ್ಲುವುದು ಇದರಿಂದ ನಿಂತಿತು. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ ಬಾಯಿ ಬಿಟ್ಟು ಹಾಡತೊಡಗಿದರು.

ಮಾರ್ವಾ, ಪೂರಿಯಾ, ಸೋಹನಿ ರಾಗಗಳನ್ನು ತಂದರೆ ಜಗಳ ಗ್ಯಾರಂಟಿ. ಮೂರಕ್ಕೂ ಸ್ವರ ಒಂದೇ. ಕೋಮಲ ರಿಷಭ ಅಂದರೆ ಇಳಿಸಿದ ರಿ, ತೀವ್ರ ಮಧ್ಯಮ ಅಂದರೆ ಏರಿಸಿದ ಮ, ಪಂಚಮ ಅಂದರೆ ಪ ಇಲ್ಲವೇ ಇಲ್ಲ. ಮಾರ್ವಾ ರಿಷಭ ಧೈವತಗಳ ಮೇಲೆ ನಿಂತು ಷಡ್ಜವನ್ನು ಕಾಯಿಸುತ್ತದೆ. ಪೂರಿಯಾ ಕೆಳಗಿನ ಸಪ್ತಕದಲ್ಲಿ ಗಂಧಾರ ನಿಷಾದ ಹಿಡಿದು ಓಡಾಡುತ್ತದೆ. ಸೋಹನಿ ಮೇಲಿನ ಷಡ್ಜ ಬಿಟ್ಟು ಇಳಿಯುವುದೇ ಕಡಿಮೆ. ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ. ಎಂಟು ಸೆಕೆಂಡಿನ ಮೂರು ತುಣುಕು ಒಂದರ ಹಿಂದೆ ಒಂದು ಕೇಳಿಸಿ ನೋಡಿ, ಹೊಸಬರಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಒಮ್ಮೆ ಬೆಳಗಿನ ರಾಗ ತೋಡಿ ಕೇಳಿಸಲು ಹೋಗಿ ಬೈಸಿಕೊಂಡೆ. "ದೀಪ ಹಚ್ಚೋ ಹೊತ್ತಿನಾಗ ತೋಡಿ ಹ್ಯಾಂಗ್ರಿ ಅಕ್ಕಾರ?" ಎಂದು ಮಾಸ್ತರು ಬೇಸರ ಮಾಡಿಕೊಂಡರು. ಅವರ ಮಾತಿಗೆ ಬೆಲೆ ಕೊಟ್ಟು ಬೆಳಗಿನ ರಾಗಗಳಿಗೆ ಅಂತಲೇ ಚಳಿಗಾಲದಲ್ಲಿ ಒಂದು ಬೆಳಗಿನ ಆಟ ಇಟ್ಟೆವು. ಪಬ್ಲಿಕ್ ಗಾರ್ಡನ್‌ನಲ್ಲಿ, ಆರೂವರೆಗೆ. ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಸುಸಲಾ. ಅಲ್ಲಿ ಕೇಳಿಸಿದ ಒಂದು ತುಣುಕಿಗೆ ಅರ್ಧ ಜನ "ಭೂಪ್" ಎಂದು ಕೂಗಿದರು. ತಬಲಾದವರು ಸಮಾಧಾನದಿಂದ ಹೇಳಿದರು: "ಮೊದಲು ಗಡಿಯಾರ ನೋಡ್ರಿ. ಇಷ್ಟ್ ಮುಂಜಾನಿ ಭೂಪ್ ಯಾರು ಹಾಡ್ತಾರ?" ಅದು ದೇಶ್‌ಕಾರ್ ಆಗಿತ್ತು. ಎರಡರಲ್ಲೂ ಮಧ್ಯಮ ನಿಷಾದ ಇಲ್ಲ, ಉಳಿದ ಐದು ಸ್ವರವೂ ಅವೇ. ಮಾಸ್ತರು ಒಂದೇ ಮಾತಿನಲ್ಲಿ ಬಿಡಿಸಿಟ್ಟರು: "ಭೂಪ್ ಗಂಧಾರದಾಗ ಕುಂದರ್ತದ. ದೇಶ್‌ಕಾರ್ ಧೈವತದಾಗ ನಿಂದರ್ತದ." ಆ ಮಾತು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳಬೇಕು. ಒಂದು ರಾತ್ರಿ ಮಾಲಕಂಸ್ ಕೇಳಿಸಿದೆ. ಮೂರನೇ ಸೆಕೆಂಡಿಗೇ ಮೈಸೂರಿನ ಹುಡುಗಿ "ಹಿಂದೋಳ!" ಎಂದಳು. ನಾನು ತಪ್ಪು ಎಂದೆ. ನಮ್ಮಲ್ಲಿ ಹಿಂದೋಲ್ ಅಂತ ಬೇರೆಯೇ ರಾಗ ಇದೆ, ತೀವ್ರ ಮಧ್ಯಮದ್ದು. ಎದುರಿನ ಗುಂಪು ಮಾಲಕಂಸ್ ಎಂದು ಹೇಳಿ ಐದು ಅಂಕ ತೆಗೆದುಕೊಂಡಿತು. ಅವಳು ಏನೂ ಅನ್ನಲಿಲ್ಲ. ಆಟ ಮುಗಿದ ಮೇಲೆ ಚಹಾದ ಕಪ್ಪು ಬಸಿ ಎತ್ತುತ್ತಾ ಅದೇ ಸ್ವರಗಳಲ್ಲಿ ಒಂದು ಕೃತಿ ಗುನುಗುತ್ತಿದ್ದಳು. ಕೇಳಿದರೆ, "ನಮ್ಮ ಕಡೆ ಇದಕ್ಕೇ ಹಿಂದೋಳ ಅನ್ನೋದು ಅಕ್ಕ" ಎಂದಳು. ಅವಳು ಹೇಳಿದ್ದು ಪೂರ್ತಿ ಸರಿ. ಕರ್ನಾಟಕ ಸಂಗೀತದ ಹಿಂದೋಳದ ಸ್ವರಗಳೇ ನಮ್ಮ ಮಾಲಕಂಸದವು.

ಮುಂದಿನ ತಿಂಗಳು ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡು ಅವಳ ಗುಂಪಿಗೆ ಐದು ಅಂಕ ಕೊಟ್ಟೆ. "ಒಂದ್ ತಿಂಗಳ ಬಡ್ಡಿನೂ ಹಚ್ರಿ" ಎಂದರು ಕಾಕಾ. ಆರು ಕೊಟ್ಟೆ. ಅವತ್ತಿನಿಂದ "ಎರಡು ಹೆಸರು" ಅಂತ ಒಂದು ಸುತ್ತೇ ಶುರುವಾಯಿತು. ನಮ್ಮ ಭೂಪ್ ಅಥವಾ ಭೂಪಾಲಿಗೆ ಕರ್ನಾಟಕ ಸಂಗೀತದಲ್ಲಿ ಮೋಹನ, ದುರ್ಗಾಕ್ಕೆ ಶುದ್ಧ ಸಾವೇರಿ. ಎಲ್ಲರೂ ಎಡವುವುದು ತೋಡಿಯಲ್ಲಿ. ಅವರ ತೋಡಿಯ ಸ್ವರ ಕೇಳಿದರೆ ನಮಗೆ ಭೈರವಿ ನೆನಪಾಗುತ್ತದೆ. ನಮ್ಮ ತೋಡಿಗೆ ಹತ್ತಿರ ಇರುವುದು ಅವರ ಶುಭಪಂತುವರಾಳಿ.

ತಾಳದ ಸುತ್ತು ತಬಲಾದವರಿಗೆ ಬಿಟ್ಟಿದ್ದೇನೆ. 14 ಮಾತ್ರೆಯ, ಅಂದರೆ 14 ಎಣಿಕೆಯ, ತಾಳ ಎಷ್ಟು ಹೇಳುತ್ತೀರಿ ಎಂದು ಕೇಳುತ್ತಾರೆ. ಧಮಾರ್, ದೀಪಚಂದಿ, ಝೂಮ್ರಾ, ಆಡಾ ಚೌತಾಲ. ಸಮ್‌ನಲ್ಲೇ, ಅಂದರೆ ಮೊದಲ ಮಾತ್ರೆಯಲ್ಲೇ, ಚಪ್ಪಾಳೆ ಬಿಟ್ಟು ಕೈ ಬೀಸುವ ತಾಳ ಯಾವುದು? ಏಳು ಮಾತ್ರೆಯ ರೂಪಕ್. ಉತ್ತರ ಹೇಳಿದವರು ಕೈಯಲ್ಲಿ ಹಾಕಿ ತೋರಿಸಬೇಕು.

ಚ್ಯಾಷ್ಟಿ ಇಲ್ಲದೆ ನಮ್ಮ ಆಟ ಇಲ್ಲ. ಯಾರಾದರೂ ತಡಮಾಡಿದರೆ "ವಿಲಂಬಿತ್ ಸಾಕ್ರಿ, ದ್ರುತ್‌ಗೆ ಬರ್ರಿ" ಎನ್ನುತ್ತಾರೆ, ಅಂದರೆ ನಿಧಾನ ಬಿಟ್ಟು ವೇಗಕ್ಕೆ ಬನ್ನಿ ಅಂತ. ಉತ್ತರ ತಪ್ಪಿದರೆ "ಸಮ್ ತಪ್ಪಿತು ಕಾಕಾ, ಇನ್ನೊಂದ್ ಆವರ್ತನ ತಗೋರಿ". ಒಂದು ಗುಂಪಿನಲ್ಲಿ ಒಬ್ಬರು ಬರದಿದ್ದರೆ "ಇವತ್ತು ನಿಮ್ಮ ಕಡಿ ಪಂಚಮ ವರ್ಜ್ಯ". ಕಿರಾನಾ ಪರಂಪರೆಯವರನ್ನು ಗ್ವಾಲಿಯರ್ ಪರಂಪರೆಯವರು ಕಾಡುತ್ತಾರೆ, ಇವರು ಅವರನ್ನು. ಒಂದೇ ಒಂದು ಗೆರೆ ಹಾಕಿದ್ದೇನೆ. ಯಾರ ಕಂಠದ ಬಗ್ಗೆಯೂ ಮಾತಾಡುವಂತಿಲ್ಲ. ಒಮ್ಮೆ ಒಬ್ಬರು ಗುನುಗುವಾಗ ಯಾರೋ ನಕ್ಕರು. ಆ ಸಂಜೆ ಮತ್ತೆ ಯಾರೂ ಹಾಡಲಿಲ್ಲ. ಹಾಡು ನಿಂತರೆ ನಮ್ಮ ಆಟಕ್ಕೆ ಅರ್ಥವೇ ಇಲ್ಲ.

ನಮ್ಮ ನೆಲದ ಪ್ರಶ್ನೆ ಪ್ರತಿ ಸಲ ಒಂದಾದರೂ ಇಡುತ್ತೇನೆ. ಒಬ್ಬ ಸುಲ್ತಾನ ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ದಖನಿ ಉರ್ದುವಿನಲ್ಲಿ ಹಾಡು ಬರೆದ, ರಾಗದ ಹೆಸರಿನ ಕೆಳಗೆ ಜೋಡಿಸಿದ. ಆ ಹಾಡುಗಳಲ್ಲಿ ಸರಸ್ವತಿಯ ಸ್ತುತಿ ಇದೆ, ಕಲಬುರಗಿಯ ಒಬ್ಬ ಸಂತರ ಸ್ತುತಿಯೂ ಇದೆ. ಸುಲ್ತಾನ ಯಾರು, ಸಂತ ಯಾರು? ಸುಲ್ತಾನ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ, ಆಳಿದ್ದು 1580ರಿಂದ 1627. ಪುಸ್ತಕ ಕಿತಾಬ್-ಎ-ನೌರಸ್. ಸಂತ ನಮ್ಮ ಖಾಜಾ ಬಂದೇ ನವಾಜರು. ಚಾಚಾ ದಿನಾ ಆ ದರ್ಗಾದ ಮುಂದೆಯೇ ಹಾದು ಹೋಗುವವರು. ಉತ್ತರ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಸರಸ್ವತಿ ಭೀ, ಹಮಾರೇ ಬಂದಾ ನವಾಜ್ ಭೀ, ಏಕ್ ಹೀ ಕಿತಾಬ್ ಮೇ" ಎಂದು ತಮಗೆ ತಾವೇ ಹೇಳಿಕೊಂಡರು. ಮರುದಿನ ಮೊಮ್ಮಗನಿಗೂ ಹೇಳಿದರಂತೆ.

ಗಾಯಕಿ ಗೌಹರ್ ಜಾನ್ ಪ್ರಶ್ನೆಗೂ ಹಾಗೇ ಆಯಿತು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮೊಫೋನಿಗೆ ಹಾಡಿ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದವರು ಎಂದರೆ ಎಲ್ಲರಿಗೂ ಗೊತ್ತು. ಅವರು ಕೊನೆಯ ದಿನ ಕಳೆದದ್ದು ಎಲ್ಲಿ ಎಂದಾಗ ಎಲ್ಲರೂ ಕಲ್ಕತ್ತಾ, ಮುಂಬೈ ಎಂದರು. 1930ರಲ್ಲಿ ಅವರು ತೀರಿಕೊಂಡದ್ದು ಮೈಸೂರಿನಲ್ಲಿ. ನಮ್ಮ ಮೈಸೂರಿನ ಹುಡುಗಿಗೂ ಅದು ಹೊಸ ಸುದ್ದಿ.

ನನಗೆ ಎಲ್ಲಕ್ಕಿಂತ ಪ್ರೀತಿಯ ಸುತ್ತು ಸರಪಳಿ. ಇಬ್ಬರು ಗಾಯಕರ ಹೆಸರು ಕೊಡುತ್ತೇನೆ. ಗುರು ಶಿಷ್ಯರ ಕೊಂಡಿ ಹಿಡಿದು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಬೇಕು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇವೆ. ಭೀಮಸೇನ ಜೋಶಿಯವರಿಂದ ಹೀರಾಬಾಯಿ ಬಡೋದೇಕರರಿಗೆ? ಜೋಶಿಯವರ ಗುರು ಸವಾಯಿ ಗಂಧರ್ವರು, ಅವರ ಗುರು ಅಬ್ದುಲ್ ಕರೀಂ ಖಾನರು, ಖಾನರ ಮಗಳು ಹೀರಾಬಾಯಿ. ಇದು ಸುಲಭ. ಮನ್ಸೂರರಿಂದ ಬಸವರಾಜ ರಾಜಗುರು ಅವರಿಗೆ ಹೇಗೆ? ಒಬ್ಬರದು ಜೈಪುರ ಪರಂಪರೆ, ಇನ್ನೊಬ್ಬರದು ಕಿರಾನಾ ಎಂದು ಎಲ್ಲರೂ ತಲೆ ಕೆರೆದುಕೊಂಡರು. ಮಾಸ್ತರು ಪೆನ್ಸಿಲ್ ಕಿತ್ತುಕೊಂಡರು. ಮನ್ಸೂರರು ಜೈಪುರದ ಮಂಜೀಖಾನರ ಕಡೆ ಹೋಗುವ ಮೊದಲು ಕಲಿತದ್ದು ಮಿರಜಿನ ನೀಲಕಂಠಬುವಾ ಅವರ ಹತ್ತಿರ. ಗದಗಿನ ಪಂಚಾಕ್ಷರ ಗವಾಯಿಗಳು ಕಲಿತದ್ದೂ ಅದೇ ನೀಲಕಂಠಬುವಾ ಅವರ ಹತ್ತಿರ. ಗವಾಯಿಗಳ ಶಿಷ್ಯರು ರಾಜಗುರು. ಮೂರು ಕೊಂಡಿ.

ಅಲ್ಲಿಗೆ ಆಟ ಮುಗಿಯಬೇಕಿತ್ತು. ಮಾಸ್ತರು ಪೆನ್ಸಿಲ್ ಬಿಡಲಿಲ್ಲ. ಪಂಚಾಕ್ಷರ ಗವಾಯಿಗಳ ಹೆಸರಿನ ಪಕ್ಕ ಪುಟ್ಟರಾಜ ಗವಾಯಿಗಳ ಹೆಸರು ಬರೆದರು. ಅದರ ಕೆಳಗೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ತಮ್ಮ ಗುರುಗಳ ಹೆಸರು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನಿಧಾನಕ್ಕೆ, ತಮ್ಮ ಹೆಸರು. "ನಾನೂ ಇದರಾಗ ಬರ್ತೀನಲ್ರಿ ಅಕ್ಕಾರ" ಎಂದರು. ಆ ಕ್ಯಾಲೆಂಡರ್ ಹಾಳೆ ನನ್ನ ಹತ್ತಿರ ಇದೆ.

ಹೀಗೆ ಆಟ ಕಟ್ಟಬೇಕು ಅನ್ನುವವರಿಗೆ ಒಂದೆರಡು ಮಾತು. ಹದಿನೈದು ಪ್ರಶ್ನೆ ಸಾಕು, ಜಾಸ್ತಿ ಆದರೆ ಮಾತಿಗೆ ಹೊತ್ತು ಉಳಿಯುವುದಿಲ್ಲ. ಎರಡು ಕಡೆ ನೋಡಿ ಖಚಿತವಾಗದ್ದನ್ನು ಕೇಳಬೇಡಿ. ಸ್ಪೀಕರ್ ನಡುವೆ ಇಡಿ, ಕಿವಿ ಮಂದ ಇರುವ ಹಿರಿಯರನ್ನು ಅದರ ಹತ್ತಿರ ಕೂರಿಸಿ. ಬಹುಮಾನ ನಾವು ಕೊಡುವುದಿಲ್ಲ. ಗೆದ್ದ ಗುಂಪು ಒಂದು ರಾಗ ಹೇಳುತ್ತದೆ, ಕೊನೆಗೆ ಎಲ್ಲರೂ ಸೇರಿ ಅದನ್ನು ಅರ್ಧ ಗಂಟೆ ಕೇಳುತ್ತೇವೆ. ಆಗ ಯಾರೂ ಮಾತಾಡುವುದಿಲ್ಲ.

ಮುಂದಿನ ತಿಂಗಳ ಪ್ರಶ್ನೆ ಮೈಸೂರಿನ ಹುಡುಗಿಯದು. ದಕ್ಷಿಣದಿಂದ ನಮ್ಮ ಕಡೆ ಬಂದ ರಾಗಗಳ ಸುತ್ತಂತೆ. ಹಂಸಧ್ವನಿ, ಆಭೋಗಿ, ಕೀರವಾಣಿ, ಚಾರುಕೇಶಿ ಕೇಳಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿದ್ದಾಳೆ. ಕಾಕಾ ನನಗೆ ಮೂರು ಸಲ ಫೋನ್ ಮಾಡಿ ಸುಳಿವು ಕೇಳಿದರು. ನನಗೂ ಅವಳು ಹೇಳಿಲ್ಲ. ಈ ಸಲ ನಾನೂ ಆಡುವವರ ಸಾಲಿನಲ್ಲಿ, ಮಾಸ್ತರ ಪಕ್ಕದಲ್ಲಿ ಕೂರುತ್ತೇನೆ.