ಹಾರಾಟದಲ್ಲಿ ಎಂಜಿನ್‌ಗೆ ಬೆಂಕಿ ಬಿದ್ದರೆ: ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನ ಇಳಿಸುವ ಕ್ರಮ

ಕೌಲಿಂಗ್ (ಎಂಜಿನ್ನಿನ ಹೊರಮುಚ್ಚಳ) ಸಂದಿಯಲ್ಲಿ ಹೊಗೆಯೋ ಜ್ವಾಲೆಯೋ ಕಂಡ ಕೂಡಲೇ ಕೈ ಹೋಗಬೇಕಾದ್ದು ಇಂಧನದ ಕಡೆಗೆ. ಎಂಜಿನ್‌ಗೆ ಹೋಗುವ ಇಂಧನವನ್ನು ಹಿಡಿತದಲ್ಲಿಡುವ ಕೆಂಪು ಮಿಕ್ಸ್ಚರ್ ಗುಂಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ, ಆಮೇಲೆ ಫ್ಯೂಯೆಲ್ ಶಟ್‌ಆಫ್ ವಾಲ್ವ್ ಎಳೆಯಿರಿ. ಹಳೆಯ 172ಗಳಲ್ಲಿ ಕಲಿತವರು ಇಲ್ಲೇ ಎಡವುವುದು. ಅವುಗಳಲ್ಲಿ ಸೆಲೆಕ್ಟರನ್ನೇ (ಯಾವ ಟ್ಯಾಂಕಿನ ಇಂಧನ ಎಂದು ಆರಿಸುವ ಹಿಡಿ) ಆಫ್‌ಗೆ ತಿರುಗಿಸಬೇಕು. 172ಎಸ್‌ನ ಸೆಲೆಕ್ಟರಿಗೆ ಎಡ, ಬಲ, ಎರಡೂ ಎಂಬ ಸ್ಥಾನಗಳಷ್ಟೇ ಇವೆ, ಆಫ್ ಇಲ್ಲ.

ಮುಂದೆ ಫ್ಯೂಯೆಲ್ ಪಂಪ್ ಸ್ವಿಚ್ ಆಫ್, ಆಮೇಲೆ ಇಡೀ ವಿಮಾನದ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆಫ್. ರೇಡಿಯೋದಲ್ಲಿ ಮೇಡೇ (ಅಪಾಯದ ಕರೆ) ಹೇಳುವುದಿದ್ದರೆ ಮಾಸ್ಟರ್ ಆಫ್ ಮಾಡುವ ಮೊದಲೇ, ಈಗಾಗಲೇ ಹಾಕಿರುವ ಫ್ರೀಕ್ವೆನ್ಸಿಯಲ್ಲೇ, ಒಂದೇ ಉಸಿರಿನಲ್ಲಿ ಹೇಳಿ. ತುರ್ತು ಫ್ರೀಕ್ವೆನ್ಸಿ 121.5 ಹುಡುಕುತ್ತ ಕೂರಬೇಡಿ. ಕ್ಯಾಬಿನ್ ಹೀಟ್, ಕ್ಯಾಬಿನ್ ಏರ್ ಎರಡನ್ನೂ ಮುಚ್ಚಿ. ಹೀಟಿನ ಬಿಸಿಗಾಳಿ ಎಕ್ಸಾಸ್ಟ್ ಕವಚದಿಂದ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ದಾಟಿ ಬರುತ್ತದೆ. ತೆರೆದಿದ್ದರೆ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಅದೇ ದಾರಿ ಹಿಡಿಯುತ್ತವೆ. ಉಸಿರಾಟಕ್ಕೆ ತಲೆಯ ಮೇಲಿನ ವೆಂಟ್‌ಗಳು ಸಾಕು.

ಈಗ ಮೂತಿ ತಗ್ಗಿಸಿ ವೇಗವನ್ನು 100 ನಾಟ್‌ಗೆ ತನ್ನಿ. ಬೆಂಕಿ ಆರದಿದ್ದರೆ ಇನ್ನೂ ಹೆಚ್ಚಿಸಿ. ಗಾಳಿ ಹೆಚ್ಚಾಗಿ ಮಿಶ್ರಣ ಉರಿಯದಷ್ಟು ತೆಳುವಾಗಬೇಕು. ಆರಿದರೂ ಎಂಜಿನ್ ಮತ್ತೆ ಚಾಲೂ ಮಾಡಲೇಬೇಡಿ. ಒಡೆದ ಪೈಪು ಒಡೆದೇ ಇದೆ.

ಮಾಸ್ಟರ್ ಆಫ್ ಆದದ್ದರ ಬೆಲೆ ಅಪ್ರೋಚ್‌ನಲ್ಲಿ (ಇಳಿಯಲು ನೆಲದತ್ತ ಬರುವಾಗ) ತಿಳಿಯುತ್ತದೆ. ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ವಿದ್ಯುತ್ತಿನದು, ಇಳಿಯುವುದಿಲ್ಲ. ಜಿ1000 ಎಂಬ ಡಿಜಿಟಲ್ ಉಪಕರಣ ಪರದೆಗಳು ಕಪ್ಪಾಗಬಹುದು. ಸ್ಟ್ಯಾಂಡ್‌ಬೈ ವೇಗಮಾಪಕ, ಆಲ್ಟಿಮೀಟರ್ ಉಳಿಯುತ್ತವೆ. ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಮುನ್ನ ಎಚ್ಚರಿಸುವ ಸ್ಟಾಲ್ ಹಾರ್ನ್ ಗಾಳಿಯ ಎಳೆತದಿಂದ ಕೂಗುವುದರಿಂದ ಅದೂ ಕೆಲಸ ಮಾಡುತ್ತದೆ. ಬೆಂಕಿ ಆರಿದ್ದರೆ 68 ನಾಟ್‌ನಲ್ಲಿ ಗ್ಲೈಡ್ ಮಾಡಿ, 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ದಕ್ಕುತ್ತದೆ. ಫೈನಲ್‌ನಲ್ಲಿ (ಇಳಿಯುವ ಜಾಗಕ್ಕೆ ನೇರವಾಗಿ ಬರುವ ಕೊನೆಯ ಹಂತ) 70 ನಾಟ್ ಇರಲಿ. ಫ್ಲ್ಯಾಪ್ ಇಲ್ಲದ ವಿಮಾನ ನೆಲದ ಹತ್ತಿರ ಬಹಳ ದೂರ ತೇಲುತ್ತದೆ, ಹಾಗಾಗಿ ಉದ್ದದ ಹೊಲವನ್ನೇ ಆರಿಸಿ. ಎತ್ತರ ಜಾಸ್ತಿಯಾದರೆ ಸೈಡ್‌ಸ್ಲಿಪ್ ಮಾಡಿ, ಅಂದರೆ ವಿಮಾನವನ್ನು ಓರೆಯಾಗಿ ಜಾರಿಸಿ ಬೇಗ ಇಳಿಸಿ.

ಕೊಯ್ಲಾದ ರಾಗಿ ಹೊಲ ಒಳ್ಳೆಯದು. ನೀರು ನಿಂತ ಗದ್ದೆಯಲ್ಲಿ ಮುಂದಿನ ಚಕ್ರ ಹೂತು ವಿಮಾನ ಮಗುಚಬಹುದು, ಬದು ಇನ್ನೂ ಕೆಟ್ಟದ್ದು. ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬಗಳ ಸಾಲು ನೋಡಿ, ಅವುಗಳ ನಡುವೆ ತಂತಿ ಇದೆ ಎಂದೇ ಹಾರಿ.

ವಿದ್ಯುತ್ ಬೆಂಕಿಯ ಲೆಕ್ಕ ಬೇರೆ. ವೈರ್ ಸುಟ್ಟ ವಾಸನೆ ಬಂದರೆ ಮಾಸ್ಟರ್, ಏವಿಯಾನಿಕ್ಸ್ (ರೇಡಿಯೋ ಮತ್ತಿತರ ಎಲೆಕ್ಟ್ರಾನಿಕ್ ಉಪಕರಣ) ಆಫ್ ಮಾಡಿ; ಕಿಡಿ ಹಚ್ಚುವ ಮ್ಯಾಗ್ನೆಟೋ ಮುಟ್ಟಬೇಡಿ, ಎಂಜಿನ್ ನಡೆಯುವುದೇ ಅದರಿಂದ. ವೆಂಟ್ ಮುಚ್ಚಿ ನಂದಕ ಬಳಸಿ, ಪೂರ್ತಿ ಆರಿದ ಮೇಲೆಯೇ ವೆಂಟ್ ತೆರೆಯಿರಿ. ಹಾರಿದ ಬ್ರೇಕರನ್ನು ಮತ್ತೆ ಒತ್ತಬಾರದು.

ನೆಲ ಮುಟ್ಟುವ ಮೊದಲು ಬೆಲ್ಟ್ ಬಿಗಿದು ಎರಡೂ ಬಾಗಿಲ ಚಿಲಕ ತೆರೆಯಿರಿ. ಚೌಕಟ್ಟು ಸೊಟ್ಟಗಾದರೆ ಬಾಗಿಲು ಕಚ್ಚಿಕೊಳ್ಳುತ್ತದೆ. ಬಾಲ ತುಸು ತಗ್ಗಿಸಿ ಇಳಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ. ನಿಂತ ಕೂಡಲೇ ಬ್ಯಾಗು ಬಿಟ್ಟು, ಗಾಳಿ ಬರುತ್ತಿರುವ ದಿಕ್ಕಿಗೆ ಓಡಿ.